ಸಂದಿನ ಗಾರೆ: ಒಣಗುವುದೋ, ಗಟ್ಟಿಕಟ್ಟುವುದೋ?

ಮಕ್ಕಳೇ, ನಿಮ್ಮ ಊರಿನಲ್ಲಿ ಹೊಸ ಮನೆ ಕಟ್ಟುವುದನ್ನು ನೋಡಿರುತ್ತೀರಿ. ತಾರಸಿ ಹಾಕಿದ ಮರುದಿನ ಅದರ ಮೇಲೆ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುತ್ತಾರೆ. ಕಂಬಗಳಿಗೆ ಗೋಣಿಚೀಲ ಸುತ್ತಿ ಬೆಳಿಗ್ಗೆ, ಸಂಜೆ ನೀರು ಹೊಡೆಯುತ್ತಾರೆ. ಒದ್ದೆ ಬಟ್ಟೆ ಬೇಗ ಒಣಗಲೆಂದು ನಾವು ಬಿಸಿಲಿಗೆ ಹಾಕುತ್ತೇವೆ. ಹಾಗಿದ್ದರೆ ಹಸಿ ಗೋಡೆಗೆ ಮಾತ್ರ ಮತ್ತೆ ಮತ್ತೆ ನೀರು ಹಾಕುವುದೇಕೆ? ಅದು ಬೇಗ ಒಣಗಲಿ ಎಂದು ಬಿಟ್ಟುಬಿಡಬಹುದಲ್ಲವೇ?

ಈ ಪ್ರಶ್ನೆಗೆ ಉತ್ತರವನ್ನು ಒಂದು ಕೆಲಸ ಮಾಡುತ್ತಲೇ ಕಂಡುಕೊಳ್ಳೋಣ. ಬಿಸಿಯೂಟಕ್ಕೆ ಮೊದಲು ನೀವು ಕೈ ತೊಳೆಯುವ ನಲ್ಲಿಯ ಹಿಂದಿನ ಗೋಡೆಯನ್ನು ನೆನಪಿಸಿಕೊಳ್ಳಿ. ಒಡೆದ ಟೈಲ್ಸ್ ಚೂರುಗಳಿಂದ ಆ ಗೋಡೆಯ ಮೇಲೆ ಒಂದು ನವಿಲನ್ನೋ ಮೀನನ್ನೋ ಮೂಡಿಸಬಹುದು. ಚೂರುಗಳನ್ನು ಅಂಟಿಸುವುದು ಸುಲಭ. ಆದರೆ ಆ ಗೋಡೆಗೆ ದಿನವೂ ನೀರು ಸಿಡಿಯುತ್ತದೆ. ಒಂದು ಮಳೆಗಾಲ ಕಳೆಯುವುದರೊಳಗೆ ಚೂರುಗಳು ಕಳಚಿ ಬಿದ್ದರೆ ಚಿತ್ರ ಹಾಳಾಗುವುದಷ್ಟೇ ಅಲ್ಲ, ಬರಿಗಾಲಿನಲ್ಲಿ ಓಡಾಡುವ ಚಿಕ್ಕ ಮಕ್ಕಳ ಅಂಗಾಲಿಗೆ ಗಾಯವಾಗುತ್ತದೆ. ಚಿತ್ರ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಚೂರುಗಳ ನಡುವಿನ ಸಂದು. ಆ ಸಂದಿಗೆ ಏನು ತುಂಬುತ್ತೇವೆ, ಹೇಗೆ ತುಂಬುತ್ತೇವೆ ಎಂಬುದೇ ಈ ಪಾಠದ ವಿಷಯ. ಸಂದಿಗೆ ತುಂಬುವ ಈ ನಯವಾದ ಗಾರೆಯನ್ನು ಟೈಲ್ಸ್ ಕೆಲಸದವರು ಗ್ರೌಟ್ ಎನ್ನುತ್ತಾರೆ.

ಒಡೆದ ಚೂರುಗಳ ಚಿತ್ತಾರ

ಬಣ್ಣದ ಚೂರುಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಚಿತ್ರ ಮಾಡುವುದಕ್ಕೆ ಮೊಸಾಯಿಕ್ ಎಂದು ಹೆಸರು. ಇದಕ್ಕೆ ಬೆಲೆಬಾಳುವ ಸಾಮಗ್ರಿಯೇ ಬೇಕೆಂದಿಲ್ಲ. ಚಂಡೀಗಢದಲ್ಲಿ ನೇಕ್ ಚಂದ್ ಎಂಬುವರು ರಸ್ತೆ ಕಾಮಗಾರಿಯ ಮೇಲ್ವಿಚಾರಕರಾಗಿದ್ದರು. ಅವರು ಒಡೆದ ಪಿಂಗಾಣಿ, ಟೈಲ್ಸ್, ಗಾಜಿನ ಬಳೆ ಚೂರುಗಳನ್ನು ಕೂಡಿಹಾಕಿ, ಬಿಡುವಿನ ವೇಳೆಯಲ್ಲಿ ಒಬ್ಬರೇ ಗುಟ್ಟಾಗಿ ಗೊಂಬೆಗಳನ್ನೂ ಗೋಡೆಗಳನ್ನೂ ಕಟ್ಟುತ್ತ ಹೋದರು. ಅದೇ 1976ರಲ್ಲಿ ಜನರಿಗೆ ತೆರೆದ ರಾಕ್ ಗಾರ್ಡನ್. ಸ್ಪೇನ್ ದೇಶದ ಬಾರ್ಸಿಲೋನಾ ನಗರದ ಗುಯೆಲ್ ಉದ್ಯಾನದಲ್ಲಿ ಹಾವಿನಂತೆ ಬಳುಕುವ ಒಂದು ಉದ್ದನೆಯ ಕಲ್ಲುಬೆಂಚಿದೆ. ಅದರ ಮೈತುಂಬ ಇರುವುದೂ ಟೈಲ್ಸ್ ಚೂರುಗಳೇ. ಆಂಟೊನಿ ಗೌಡಿ ಎಂಬ ವಾಸ್ತುಶಿಲ್ಪಿಯ ಮೇಲ್ವಿಚಾರಣೆಯಲ್ಲಿ 1900ರಿಂದ 1914ರವರೆಗೆ ಆ ಉದ್ಯಾನದ ಕೆಲಸ ನಡೆಯಿತು.

ಈ ಎರಡೂ ಕಡೆ ಚೂರುಗಳು ಬಯಲಿನಲ್ಲಿ ಬಿಸಿಲು, ಮಳೆಗಳನ್ನು ಎದುರಿಸಿ ನಿಂತಿವೆ. ನಮ್ಮ ಶಾಲೆಯ ಗೋಡೆಯೂ ಹಾಗೆ ನಿಲ್ಲಬೇಕಲ್ಲವೇ?

ಸಂದು ಏಕೆ ಬೇಕು?

"ಚೂರುಗಳನ್ನು ಒಂದಕ್ಕೊಂದು ಒತ್ತಿಯೇ ಇಟ್ಟರೆ ಸಂದೇ ಇರುವುದಿಲ್ಲ, ಗಾರೆಯ ಖರ್ಚೂ ಉಳಿಯುತ್ತದೆ" ಎಂದು ನಿಮಗೆ ಅನ್ನಿಸಬಹುದು. ಆದರೆ ಒಡೆದ ಚೂರುಗಳ ಅಂಚು ಎಲ್ಲಿಯೂ ಪೂರ್ತಿ ಕೂಡುವುದಿಲ್ಲ. ಕೂದಲೆಳೆಯಷ್ಟು ಬಿರುಕು ಇದ್ದೇ ಇರುತ್ತದೆ. ಅಷ್ಟು ಸಣ್ಣ ಬಿರುಕಿನೊಳಗೆ ಗಾರೆ ಇಳಿಯುವುದಿಲ್ಲ, ನೀರು ಮಾತ್ರ ಇಳಿಯುತ್ತದೆ. ಹಾಗೆ ಇಳಿದ ನೀರು ಚೂರಿನ ಹಿಂಬದಿಗೆ ಹೋಗಿ ನಿಧಾನವಾಗಿ ಅದನ್ನು ಗೋಡೆಯಿಂದ ಬಿಡಿಸುತ್ತದೆ. ಅದಕ್ಕಾಗಿ ಗಾರೆ ಒಳಗಿಳಿಯುವಷ್ಟು ಜಾಗ ಬಿಟ್ಟು, ಅದನ್ನು ಗಟ್ಟಿಯಾಗಿ ತುಂಬಬೇಕು.

ಸಂದಿನ ಗಾರೆ ಮೂರು ಕೆಲಸ ಮಾಡುತ್ತದೆ. ನೀರು ಹಿಂದಕ್ಕೆ ಇಳಿಯದಂತೆ ತಡೆಯುತ್ತದೆ. ಚೂರುಗಳ ಹರಿತವಾದ ಅಂಚನ್ನು ಮುಚ್ಚಿ ಕೈಗೆ ಗಾಯವಾಗದಂತೆ ಕಾಯುತ್ತದೆ. ಪ್ರತಿ ಚೂರಿಗೂ ನಾಲ್ಕೂ ಬದಿಯಿಂದ ಆಸರೆ ಕೊಡುತ್ತದೆ. ಒಂದು ಮಾತು ನೆನಪಿರಲಿ: ಗ್ರೌಟ್ ಅಂಟಲ್ಲ. ಚೂರನ್ನು ಗೋಡೆಗೆ ಹಿಡಿಸುವುದು ಅದರ ಹಿಂದಿನ ಅಂಟುಗಾರೆ. ಹಿಂದೆ ಸರಿಯಾಗಿ ಹಿಡಿಯದ ಚೂರನ್ನು ಸಂದಿನ ಗಾರೆ ಬಹಳ ದಿನ ಉಳಿಸಲಾರದು.

ಒಣಗುವುದಲ್ಲ, ಗಟ್ಟಿಕಟ್ಟುವುದು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೆಸರು ಒಣಗಿದರೆ ಗಟ್ಟಿಯಾಗುತ್ತದೆ, ಮತ್ತೆ ನೀರು ಹಾಕಿದರೆ ಕೆಸರೇ ಆಗುತ್ತದೆ. ಸಿಮೆಂಟು ಹಾಗಲ್ಲ. ಒಮ್ಮೆ ಗಟ್ಟಿಯಾದ ಸಿಮೆಂಟನ್ನು ವರ್ಷಗಟ್ಟಲೆ ನೀರಿನಲ್ಲಿಟ್ಟರೂ ಅದು ಮತ್ತೆ ಕೆಸರಾಗುವುದಿಲ್ಲ. ಅಂದರೆ ಅಲ್ಲಿ ನಡೆದದ್ದು ಬರೀ ಒಣಗುವುದಲ್ಲ, ಒಂದು ರಾಸಾಯನಿಕ ಬದಲಾವಣೆ.

ಸುಣ್ಣಕಲ್ಲು ಮತ್ತು ಜೇಡಿಮಣ್ಣನ್ನು ನುಣ್ಣಗೆ ಅರೆದು, ದೊಡ್ಡ ಕುಲುಮೆಯಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಆಗ ಗಟ್ಟಿ ಉಂಡೆಗಳು ದೊರೆಯುತ್ತವೆ. ಅವನ್ನು ಸ್ವಲ್ಪ ಜಿಪ್ಸಂ ಜೊತೆ ಪುಡಿ ಮಾಡಿದರೆ ಸಿಮೆಂಟು ಸಿದ್ಧ. ನಮ್ಮ ರಾಜ್ಯದ ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆ ಸಿಮೆಂಟು ಕಾರ್ಖಾನೆಗಳು ಇರುವುದಕ್ಕೆ ಅಲ್ಲಿ ಹೇರಳವಾಗಿ ಸಿಗುವ ಸುಣ್ಣಕಲ್ಲೇ ಕಾರಣ.

ಸಿಮೆಂಟಿನಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಸಿಲಿಕೇಟ್‌ಗಳು. ಇವು ನೀರಿನೊಡನೆ ಸೇರಿದಾಗ ಪ್ರತಿ ಕಣದ ಸುತ್ತಲೂ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹೊಸ ವಸ್ತು ಬೆಳೆಯುತ್ತದೆ. ಒಂದು ಕಣದಿಂದ ಬೆಳೆದದ್ದು ಪಕ್ಕದ ಕಣದಿಂದ ಬೆಳೆದದ್ದರೊಡನೆ ಹೆಣೆದುಕೊಳ್ಳುತ್ತದೆ. ಈ ಹೆಣಿಗೆಯೇ ಸಿಮೆಂಟಿನ ಬಲ. ಇಲ್ಲಿ ನೀರು ಬರೀ ಕಲಸಲು ಬಳಸುವ ವಸ್ತುವಲ್ಲ, ಅದು ಸಿಮೆಂಟಿನ ಒಂದು ಭಾಗವೇ ಆಗಿಬಿಡುತ್ತದೆ. ನೀರು ಮುಗಿದರೆ ಹೆಣಿಗೆಯೂ ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದಲೇ ಹೊಸ ಗೋಡೆಗೆ ನೀರು ಹೊಡೆಯುವುದು.

ಸಿಮೆಂಟು ಎಲ್ಲೆಡೆ ಬಳಕೆಗೆ ಬರುವ ಮೊದಲು ನಮ್ಮವರು ಸುಣ್ಣಕ್ಕೆ ನುಣುಪಾದ ಇಟ್ಟಿಗೆ ಪುಡಿ ಬೆರೆಸಿ ಸುರ್ಕಿ ಗಾರೆ ಮಾಡುತ್ತಿದ್ದರು. ಇದೂ ನೀರಿನೊಡನೆ ಸೇರಿ ಗಟ್ಟಿಕಟ್ಟುವ ಗಾರೆಯೇ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸುರ್ಕಿ ಗಾರೆ.

ಮಾಡಿ ನೋಡಿ - 1

ಶಿಕ್ಷಕರ ಸಹಾಯ ಪಡೆಯಿರಿ. ಸ್ವಲ್ಪ ಸಿಮೆಂಟನ್ನು ನೀರಿನಲ್ಲಿ ಮಂದವಾಗಿ ಕಲಸಿ, ಬಾಟಲಿಯ ಎರಡು ಮುಚ್ಚಳಗಳಿಗೆ ಸಮನಾಗಿ ತುಂಬಿಸಿ. ಒಂದನ್ನು ಕೂಡಲೇ ಬಿಸಿಲಿನಲ್ಲಿಡಿ. ಇನ್ನೊಂದನ್ನು ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿಟ್ಟು, ಮರುದಿನ ನೀರು ತುಂಬಿದ ಲೋಟದಲ್ಲಿ ಮುಳುಗಿಸಿ. ಏಳು ದಿನಗಳ ನಂತರ ಎರಡನ್ನೂ ಮೊಳೆಯಿಂದ ಕೆರೆಯಿರಿ. ಯಾವುದರಿಂದ ಹೆಚ್ಚು ಪುಡಿ ಉದುರುತ್ತದೆ? ಏಕೆ?

ನೀರು ಹೆಚ್ಚಾದರೆ ಏನಾಗುತ್ತದೆ?

ನೀರು ಅಷ್ಟು ಮುಖ್ಯವಾದರೆ ಕಲಸುವಾಗಲೇ ಧಾರಾಳವಾಗಿ ಹಾಕಬಹುದಲ್ಲ? ಬೇಡ. 100 ಗ್ರಾಂ ಸಿಮೆಂಟು ತನ್ನ ಹೆಣಿಗೆ ಕೆಲಸವನ್ನು ಪೂರ್ತಿ ಮುಗಿಸಲು ಸುಮಾರು 40 ಗ್ರಾಂ ನೀರು ಸಾಕು. ಅದಕ್ಕಿಂತ ಹೆಚ್ಚು ಹಾಕಿದ ನೀರು ಕಣಗಳ ನಡುವೆ ಜಾಗ ಹಿಡಿದು ಕುಳಿತಿರುತ್ತದೆ. ಮುಂದೆ ಅದು ಆವಿಯಾಗಿ ಹೋದಾಗ ಆ ಜಾಗ ಖಾಲಿ ಉಳಿಯುತ್ತದೆ. ಗಾರೆಯೊಳಗೆ ಸಾವಿರಾರು ಸೂಕ್ಷ್ಮ ರಂಧ್ರಗಳಾಗುತ್ತವೆ. ಗಾರೆ ಕುಗ್ಗಿ ಬಿರುಕು ಬಿಡುತ್ತದೆ. ಮಳೆನೀರು ಅದೇ ರಂಧ್ರಗಳಿಂದ ಒಳಗಿಳಿಯುತ್ತದೆ. ನೀರು ತಡೆಯಲೆಂದು ಹಾಕಿದ ಗಾರೆಯೇ ನೀರಿಗೆ ದಾರಿಯಾಗುತ್ತದೆ.

ಆದ್ದರಿಂದ ಈ ಕೆಲಸದ ಸೂತ್ರ ಇಷ್ಟೇ: ಕಲಸುವಾಗ ನೀರು ಕಡಿಮೆ, ಗಟ್ಟಿಕಟ್ಟಿದ ಮೇಲೆ ನೀರು ಧಾರಾಳ.

ಮಾಡಿ ನೋಡಿ - 2

ಮೂರು ಹಳೆಯ ಡಬ್ಬಿಗಳಲ್ಲಿ ತಲಾ 100 ಗ್ರಾಂ ಸಿಮೆಂಟು ಹಾಕಿ. ಮೊದಲನೆಯದಕ್ಕೆ 35 ಮಿಲಿಲೀಟರ್, ಎರಡನೆಯದಕ್ಕೆ 55, ಮೂರನೆಯದಕ್ಕೆ 80 ಮಿಲಿಲೀಟರ್ ನೀರು ಬೆರೆಸಿ ಕಲಸಿ. ಅರ್ಧ ಗಂಟೆಯ ನಂತರ ಯಾವ ಡಬ್ಬಿಯಲ್ಲಿ ನೀರು ಮೇಲೆ ತೇಲಿದೆ ನೋಡಿ. ಡಬ್ಬಿಗಳ ಬಾಯಿ ಮುಚ್ಚಿಡಿ. ಏಳು ದಿನಗಳ ನಂತರ ತೆರೆದು ಒಂದು ದಿನ ಗಾಳಿಗಿಡಿ. ಆಮೇಲೆ ಪ್ರತಿಯೊಂದರ ಮೇಲೆ ಒಂದು ಹನಿ ನೀರು ಬಿಟ್ಟು, ಹನಿ ಇಂಗಲು ಎಷ್ಟು ಹೊತ್ತು ಬೇಕು ಎಂದು ಎಣಿಸಿ. ಫಲಿತಾಂಶವನ್ನು ಕೋಷ್ಟಕದಲ್ಲಿ ಬರೆಯಿರಿ.

ಯಾವ ಗಾರೆಯನ್ನು ಆರಿಸಬೇಕು?

ಆರಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಒಂದು, ಸಂದು ಎಷ್ಟು ಅಗಲ? ನಿಮ್ಮ ಅಳತೆಪಟ್ಟಿಯಿಂದ ಹತ್ತು ಕಡೆ ಅಳೆದು ನೋಡಿ. ಸಂದು 3 ಮಿಲಿಮೀಟರಿಗಿಂತ ಕಿರಿದಾಗಿದ್ದರೆ ಮರಳಿಲ್ಲದ ನುಣುಪಾದ ಗ್ರೌಟ್ ಸಾಕು. ಬಿಳಿ ಸಿಮೆಂಟಿನಿಂದಲೂ ಇದನ್ನು ಮಾಡಬಹುದು. ಅಷ್ಟು ಕಿರಿದಾದ ಸಂದಿನಲ್ಲಿ ಮರಳಿನ ಕಣ ಸಿಕ್ಕಿಕೊಂಡು ಗಾರೆ ಕೆಳಗಿಳಿಯದಂತೆ ಮಾಡುತ್ತದೆ. ಸಂದು 3 ಮಿಲಿಮೀಟರಿಗಿಂತ ಅಗಲವಾಗಿದ್ದರೆ ಮರಳು ಬೆರೆಸಲೇಬೇಕು. ಸಿಮೆಂಟು ಗಟ್ಟಿಕಟ್ಟುತ್ತ, ಒಣಗುತ್ತ ಸ್ವಲ್ಪ ಕುಗ್ಗುತ್ತದೆ. ಅಗಲ ಸಂದಿನಲ್ಲಿ ಬರೀ ಸಿಮೆಂಟು ತುಂಬಿದರೆ ಆ ಕುಗ್ಗುವಿಕೆಯಿಂದ ಬಿರುಕು ಕಾಣಿಸಿಕೊಳ್ಳುತ್ತದೆ. ಮರಳಿನ ಕಣ ಕುಗ್ಗುವುದಿಲ್ಲ. ಅದು ನಡುವೆ ನಿಂತು ಗಾರೆಯನ್ನು ಹಿಗ್ಗಿಸಿ ಹಿಡಿಯುತ್ತದೆ. ಮರಳನ್ನು ತೊಳೆದು, ಒಣಗಿಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ಜರಡಿ ಹಿಡಿಯಿರಿ. ಸಂದಿನ ಅಗಲದ ಮೂರನೇ ಒಂದು ಭಾಗಕ್ಕಿಂತ ದಪ್ಪದ ಕಣ ಬೇಡ. ಮಣ್ಣು ಬೆರೆತ ಮರಳು ಬೇಡವೇ ಬೇಡ. ಮಣ್ಣು ಕಣಗಳ ಮೇಲೆ ಪೊರೆಯಂತೆ ಕುಳಿತು ಸಿಮೆಂಟು ಹಿಡಿಯದಂತೆ ಮಾಡುತ್ತದೆ. ಒಡೆದ ಚೂರುಗಳ ಸಂದು ಒಂದೇ ಸಮ ಇರುವುದಿಲ್ಲವಾದ್ದರಿಂದ ಶಾಲೆಯ ಗೋಡೆಗೆ ಸಾಮಾನ್ಯವಾಗಿ ಒಂದು ಅಳತೆ ಸಿಮೆಂಟು, ಒಂದು ಅಳತೆ ನುಣುಪು ಮರಳು ಹೊಂದುತ್ತದೆ.

ಎರಡು, ಚೂರು ಯಾವ ಬಗೆಯದು? ಪ್ರತಿ ಬಗೆಯ ಚೂರಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹೊಳಪಿನ ಟೈಲ್ಸ್‌ನ ಮೇಲೆ ಹನಿ ಹಾಗೆಯೇ ನಿಲ್ಲುತ್ತದೆ. ಅದೇ ಟೈಲ್ಸ್‌ನ ಹಿಂಬದಿಯಲ್ಲಿ ಇಂಗುತ್ತದೆ. ಮಂಗಳೂರು ಹೆಂಚಿನ ಚೂರು ಎರಡೂ ಬದಿಯಲ್ಲಿ ನೀರು ಹೀರುತ್ತದೆ. ಹೀರುವ ಚೂರಿನ ಪಕ್ಕ ಗಾರೆ ಹಾಕಿದರೆ ಅದು ಗಾರೆಯ ನೀರನ್ನು ಎಳೆದುಕೊಳ್ಳುತ್ತದೆ. ನೀರಿಲ್ಲದೆ ಸಿಮೆಂಟಿನ ಹೆಣಿಗೆ ಅರ್ಧಕ್ಕೆ ನಿಲ್ಲುತ್ತದೆ ಎಂದು ಈಗಾಗಲೇ ತಿಳಿದಿದ್ದೀರಿ. ಅದಕ್ಕೇ ಗಾರೆ ಹಾಕುವ ಮೊದಲು ಹೆಂಚಿನ ಚೂರನ್ನು ಚೆನ್ನಾಗಿ ಒದ್ದೆ ಮಾಡಬೇಕು. ಇಲ್ಲದಿದ್ದರೆ ಸಿಮೆಂಟಿನ ಕಲೆಯೂ ಅದರೊಳಗೆ ಇಳಿದು ಹೋಗುವುದಿಲ್ಲ. ಗಾಜು ಮತ್ತು ನಯಗೊಳಿಸಿದ ಕಲ್ಲಿನ ಮೇಲೆ ಮರಳು ಉಜ್ಜಿದರೆ ಗೀರು ಬೀಳುತ್ತದೆ. ಅಂಥ ಚೂರುಗಳಿದ್ದರೆ ಸಂದನ್ನೇ ಕಿರಿದಾಗಿ ಬಿಟ್ಟು ಮರಳಿಲ್ಲದ ಗ್ರೌಟ್ ಬಳಸಿ.

ಮೂರು, ಜಾಗ ಎಂಥದು? ತರಗತಿಯ ಒಳಗೋಡೆಗೂ ನಲ್ಲಿಯ ಬಳಿಯ ಗೋಡೆಗೂ ವ್ಯತ್ಯಾಸವಿದೆ. ಮರದ ಕೆಲಸದ ಬಿಳಿ ಅಂಟಿನಿಂದ ಹಿಡಿಸಿದ ಚೂರುಗಳು ಸದಾ ಒದ್ದೆಯಾಗುವ ಜಾಗದಲ್ಲಿ ಉಳಿಯುವುದಿಲ್ಲ. ಆ ಬಗೆಯ ಅಂಟು ನೀರಿಗೆ ಮೆತ್ತಗಾಗುತ್ತದೆ. ಅಲ್ಲಿ ಸಿಮೆಂಟು ಆಧಾರಿತ ಟೈಲ್ಸ್ ಅಂಟೇ ಬೇಕು. ಅಂಗಡಿಯಲ್ಲಿ ಸಿದ್ಧ ಗ್ರೌಟ್ ಪುಡಿಯೂ ಸಿಗುತ್ತದೆ. ಅದರಲ್ಲಿ ಬಿರುಕು ಕಡಿಮೆ ಮಾಡುವ ಪದಾರ್ಥಗಳನ್ನು ಬೆರೆಸಿರುತ್ತಾರೆ. ಚೀಲದ ಮೇಲೆ ಎಷ್ಟು ಅಗಲದ ಸಂದಿಗೆ, ಎಷ್ಟು ನೀರು ಎಂದು ಬರೆದಿರುತ್ತದೆ. ಓದಿ, ಹಾಗೆಯೇ ಮಾಡಿ. ಎಪಾಕ್ಸಿ ಗ್ರೌಟ್ ಎಂಬ ಇನ್ನೊಂದು ಬಗೆಯಿದೆ. ಅದು ನೀರು, ಎಣ್ಣೆ, ಕಲೆ ಯಾವುದನ್ನೂ ಹೀರುವುದಿಲ್ಲ. ಆದರೆ ದುಬಾರಿ, ಮೈಗೆ ಅಂಟಿದರೆ ತೆಗೆಯುವುದು ಕಷ್ಟ. ಅದು ಅನುಭವಿಗಳು ಮಾಡುವ ಕೆಲಸ, ನಮಗೆ ಬೇಡ.

ನಾಲ್ಕು, ಬಣ್ಣ ಯಾವುದು? ಚೂರುಗಳನ್ನು ಮೊದಲು ಬಿಳಿ ಹಾಳೆಯ ಮೇಲೆ, ಆಮೇಲೆ ಬೂದು, ಕಪ್ಪು ಹಾಳೆಗಳ ಮೇಲೆ ಹರಡಿ ದೂರದಿಂದ ನೋಡಿ. ತಿಳಿಬಣ್ಣದ ಚೂರುಗಳು ಬಿಳಿಯ ಮೇಲೆ ಕರಗಿಹೋದಂತೆ ಕಾಣುತ್ತವೆ, ಗಾಢ ಬೂದಿನ ಮೇಲೆ ಎದ್ದು ಕಾಣುತ್ತವೆ. ಬೂದು ಸಿಮೆಂಟಿನ ಬಣ್ಣಕ್ಕೆ ಮುಖ್ಯ ಕಾರಣ ಅದರಲ್ಲಿರುವ ಕಬ್ಬಿಣದ ಅಂಶ. ಕಬ್ಬಿಣ ತೀರ ಕಡಿಮೆ ಇರುವ ಕಚ್ಚಾವಸ್ತುಗಳಿಂದ ಬಿಳಿ ಸಿಮೆಂಟು ಮಾಡುತ್ತಾರೆ. ಕೆಂಪು ಬೇಕಾದರೆ ಬಿಳಿ ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಬೆರೆಸಬಹುದು. ಅದು 100 ಗ್ರಾಂ ಸಿಮೆಂಟಿಗೆ 5 ಗ್ರಾಂ ಮೀರದಿರಲಿ. ಬಣ್ಣದ ಪುಡಿ ಹೆಚ್ಚಾದಷ್ಟೂ ಗಾರೆ ದುರ್ಬಲವಾಗುತ್ತದೆ. ಒದ್ದೆ ಗಾರೆ ಗಾಢವಾಗಿ ಕಂಡು, ಒಣಗಿದ ಮೇಲೆ ತಿಳಿಯಾಗುತ್ತದೆ. ಆದ್ದರಿಂದ ಮೊದಲು ಒಂದು ಹಲಗೆಯ ಮೇಲೆ ಸ್ವಲ್ಪ ಹಚ್ಚಿ, ಒಣಗಿಸಿ ನೋಡಿ.

ಕೊನೆಗೆ, ಸಿಮೆಂಟು ಎಷ್ಟು ಹಳೆಯದು ಎಂದೂ ನೋಡಬೇಕು. ಚೀಲದ ಮೇಲೆ ತುಂಬಿದ ವಾರ ಮತ್ತು ವರ್ಷ ಮುದ್ರಿಸಿರುತ್ತಾರೆ. ಮೂರು ತಿಂಗಳು ಮೀರಿದ, ಗಂಟು ಕಟ್ಟಿದ ಸಿಮೆಂಟು ಬೇಡ. ಗಂಟು ಕಟ್ಟಿತೆಂದರೆ ಅದು ಗಾಳಿಯ ತೇವದೊಡನೆ ಆಗಲೇ ಸೇರಿ, ತನ್ನ ಬಲವನ್ನು ಚೀಲದೊಳಗೇ ಖರ್ಚು ಮಾಡಿಕೊಂಡಿದೆ ಎಂದರ್ಥ.

ಎಷ್ಟು ಗಾರೆ ಬೇಕು? ಲೆಕ್ಕ ಹಾಕೋಣ

ಚಿತ್ರದ ಉದ್ದ 90 ಸೆಂಟಿಮೀಟರ್, ಅಗಲ 60 ಸೆಂಟಿಮೀಟರ್ ಎಂದುಕೊಳ್ಳಿ. ವಿಸ್ತೀರ್ಣ 90 × 60 = 5400 ಚದರ ಸೆಂಟಿಮೀಟರ್. ಇದರಲ್ಲಿ ಸಂದು ಎಷ್ಟು? ಚಿತ್ರದ ನಡುವೆ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಜಾಗ ಗುರುತಿಸಿ, ಅಲ್ಲಿನ ಚೂರುಗಳ ಆಕಾರವನ್ನು ತೆಳು ಕಾಗದದ ಮೇಲೆ ತೆಗೆದುಕೊಳ್ಳಿ. ಅದನ್ನು ಚೌಕುಳಿ ಹಾಳೆಯ ಮೇಲಿಟ್ಟು ಸಂದಿನಲ್ಲಿ ಬೀಳುವ ಚೌಕಗಳನ್ನು ಎಣಿಸಿ. 100ರಲ್ಲಿ 20 ಚೌಕ ಸಂದಿಗೆ ಬಿದ್ದರೆ, ಸಂದು ಒಟ್ಟು ವಿಸ್ತೀರ್ಣದ ಐದನೇ ಒಂದು ಭಾಗ. ಅಂದರೆ 1080 ಚದರ ಸೆಂಟಿಮೀಟರ್.

ಸಂದಿನ ಆಳ 6 ಮಿಲಿಮೀಟರ್, ಅಂದರೆ 0.6 ಸೆಂಟಿಮೀಟರ್ ಇದ್ದರೆ ಬೇಕಾದ ಗಾರೆ 1080 × 0.6 = 648 ಘನ ಸೆಂಟಿಮೀಟರ್. ಚೆಲ್ಲಿ ಹೋಗುವುದನ್ನೂ ಸೇರಿಸಿ ಸುಮಾರು 700 ಮಿಲಿಲೀಟರ್ ಎನ್ನೋಣ. ಒಣ ಪುಡಿಯ ಕಣಗಳ ನಡುವೆ ಗಾಳಿ ಇರುವುದರಿಂದ ಪುಡಿಯನ್ನು ಮೂರನೇ ಒಂದು ಭಾಗ ಹೆಚ್ಚು ಅಳೆದುಕೊಳ್ಳಬೇಕು. ಅಂದರೆ ಸುಮಾರು 930 ಮಿಲಿಲೀಟರ್. ಅದರಲ್ಲಿ ಅರ್ಧ ಸಿಮೆಂಟು, ಅರ್ಧ ಮರಳು. ನಿಮ್ಮ ಗೋಡೆಯ ಅಳತೆ ಹಿಡಿದು ನೀವೇ ಲೆಕ್ಕ ಮಾಡಿ.

ಮೊದಲು ಎಚ್ಚರಿಕೆ

ಒಂದು ಬಿಳಿ ಕಾಗದಕ್ಕೆ ಅರಿಶಿನದ ನೀರು ಬಳಿದು ಒಣಗಿಸಿ. ಸಿಮೆಂಟು ಕಲಸಿದ ನೀರಿನ ಒಂದು ಹನಿಯನ್ನು ಕಡ್ಡಿಯಿಂದ ಅದರ ಮೇಲಿಡಿ. ಹಳದಿ ಕೆಂಪಾಗುತ್ತದೆ. ಸೋಪಿನ ನೀರಿಗೂ ಅರಿಶಿನ ಕೆಂಪಾಗುವುದನ್ನು ನೀವು ನೋಡಿದ್ದೀರಿ. ಸಿಮೆಂಟಿನ ನೀರು ಅದಕ್ಕಿಂತ ಬಹಳ ತೀಕ್ಷ್ಣವಾದ ಪ್ರತ್ಯಾಮ್ಲ. ಮೈಮೇಲೆ ಬಹಳ ಹೊತ್ತು ಇದ್ದರೆ ಚರ್ಮ ಸುಡುತ್ತದೆ. ತಕ್ಷಣ ಉರಿಯದೇ ಇರುವುದರಿಂದ ತಿಳಿಯುವುದೂ ತಡವಾಗುತ್ತದೆ.

ಆದ್ದರಿಂದ ಸಿಮೆಂಟು ಕಲಸುವುದು, ಟೈಲ್ಸ್ ಒಡೆಯುವುದು ದೊಡ್ಡವರ ಕೆಲಸ. ಟೈಲ್ಸನ್ನು ಗೋಣಿಚೀಲದೊಳಗಿಟ್ಟು ಒಡೆಯಬೇಕು. ಗಾರೆ ಮುಟ್ಟುವ ಪ್ರತಿಯೊಬ್ಬರೂ ರಬ್ಬರಿನ ಕೈಗವಸು ಹಾಕಿಕೊಳ್ಳಬೇಕು. ಒಣ ಪುಡಿ ಸುರಿಯುವಾಗ ಮೂಗು, ಬಾಯಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಬೇಕು. ಮೈಗೆ ತಾಗಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಹದಿನೈದು ನಿಮಿಷ ಶುದ್ಧ ನೀರು ಹಾಯಿಸುತ್ತ ತೊಳೆದು ಆಸ್ಪತ್ರೆಗೆ ಹೋಗಬೇಕು. ಚೂರು ಆರಿಸುವುದು, ಚಿತ್ರ ಬರೆಯುವುದು, ಅಳೆಯುವುದು, ಲೆಕ್ಕ ಹಾಕುವುದು, ದಿನವೂ ನೀರು ಸಿಂಪಡಿಸುವುದು ನಿಮ್ಮ ಪಾಲಿನ ಕೆಲಸ.

ಗಾರೆ ತುಂಬುವ ಕ್ರಮ

1. ಚೂರುಗಳನ್ನು ಹಿಡಿಸಿದ ಮೇಲೆ ಕನಿಷ್ಠ ಒಂದು ದಿನ ಬಿಡಿ. ಪ್ರತಿ ಚೂರನ್ನೂ ಬೆರಳಿನ ಗೆಣ್ಣಿನಿಂದ ಮೆಲ್ಲನೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಹಿಂದೆ ಅಂಟು ಸರಿಯಾಗಿ ಹಿಡಿದಿಲ್ಲ. ಅದನ್ನು ಮೊದಲು ಸರಿಮಾಡಿ.

2. ಸಂದಿನಲ್ಲಿರುವ ದೂಳು, ಉಬ್ಬಿ ಬಂದ ಅಂಟು ತೆಗೆಯಿರಿ. ಒದ್ದೆ ಸ್ಪಾಂಜಿನಿಂದ ಒರೆಸಿ. ಸಂದು ತೇವವಾಗಿರಬೇಕು, ನೀರು ನಿಂತಿರಬಾರದು.

3. ಸಿಮೆಂಟು, ಮರಳನ್ನು ಒಣಗಿರುವಾಗಲೇ ಬಣ್ಣ ಒಂದಾಗುವವರೆಗೆ ಬೆರೆಸಿ. ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಸಿ. ಹದ ಹೇಗಿರಬೇಕು? ದೋಸೆ ಹಿಟ್ಟಿನಂತೆ ಹರಿಯಬಾರದು, ಚಪಾತಿ ಹಿಟ್ಟಿನಂತೆ ಮುದ್ದೆಯೂ ಆಗಬಾರದು. ಉದ್ದಿನ ವಡೆ ಹಿಟ್ಟಿನ ಹದ ಸರಿ. ಕರಣೆಯಲ್ಲಿ ತೆಗೆದು ಓರೆ ಮಾಡಿದರೆ ಕೂಡಲೇ ಜಾರಬಾರದು.

4. ಐದರಿಂದ ಹತ್ತು ನಿಮಿಷ ಹಾಗೆಯೇ ಬಿಟ್ಟು ಮತ್ತೆ ಕಲಸಿ. ಕಣಗಳು ನೀರು ಕುಡಿಯಲು ಈ ಸಮಯ ಬೇಕು. ಕಲಸಿದ ಗಾರೆ ಅರ್ಧ ಗಂಟೆಯೊಳಗೆ ಮುಗಿಯುವಂತಿರಲಿ. ಒಂದೇ ಸಲ ಎಲ್ಲವನ್ನೂ ಕಲಸಬೇಡಿ. ಬಿಗಿಯಾಗತೊಡಗಿದ ಗಾರೆಗೆ ಮತ್ತೆ ನೀರು ಹಾಕಿ ಸಡಿಲಗೊಳಿಸಬೇಡಿ. ಆಗಲೇ ಆರಂಭವಾದ ಹೆಣಿಗೆಯನ್ನು ಕೈಯಾರೆ ಹರಿದಂತಾಗುತ್ತದೆ.

5. ರಬ್ಬರಿನ ಹಲಗೆಯಿಂದ, ಅದಿಲ್ಲದಿದ್ದರೆ ತೊಳೆದ ಹಳೆಯ ಹವಾಯಿ ಚಪ್ಪಲಿಯ ತುಂಡಿನಿಂದ ಗಾರೆಯನ್ನು ಸಂದಿನೊಳಗೆ ಒತ್ತಿ ಒತ್ತಿ ತುಂಬಿ. ಸಂದಿನ ನೇರಕ್ಕೆ ಎಳೆದರೆ ತುಂಬಿದ್ದೇ ಹೊರಬರುತ್ತದೆ. ಓರೆಯಾಗಿ ಎಳೆಯಿರಿ. ಬೇರೆ ಬೇರೆ ದಿಕ್ಕಿನಿಂದ ಎರಡು ಮೂರು ಸಲ ಒತ್ತಿದರೆ ಒಳಗಿನ ಗಾಳಿಗುಳ್ಳೆ ಹೊರಟುಹೋಗುತ್ತದೆ. ಚಿತ್ರದ ಹೊರ ಅಂಚನ್ನು ಮರೆಯಬೇಡಿ. ಕೈ ತಾಗುವುದು ಅಲ್ಲೇ ಹೆಚ್ಚು.

6. ಹದಿನೈದರಿಂದ ಮೂವತ್ತು ನಿಮಿಷ ಕಾಯಿರಿ. ಕೈಗವಸಿನ ಬೆರಳಿಗೆ ಗಾರೆ ಅಂಟದೇ ಇದ್ದಾಗ, ಚೆನ್ನಾಗಿ ಹಿಂಡಿದ ಸ್ಪಾಂಜಿನಿಂದ ಚೂರುಗಳ ಮೇಲಿನ ಗಾರೆ ಒರೆಸಿ. ಸ್ಪಾಂಜಿನಿಂದ ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದ ನೀರು ಸಂದಿನ ಗಾರೆಗೆ ಸೇರಿ, ಕಲಸುವಾಗ ಉಳಿಸಿದ್ದನ್ನೆಲ್ಲ ವ್ಯರ್ಥ ಮಾಡುತ್ತದೆ.

7. ಎರಡು ಮೂರು ಗಂಟೆಗಳ ನಂತರ ಚೂರುಗಳ ಮೇಲೆ ಬೂದಿಯಂಥ ಪೊರೆ ಕಾಣುತ್ತದೆ. ಒಣ ಬಟ್ಟೆಯಿಂದ ಉಜ್ಜಿ. ಇದಕ್ಕೆ ಆಸಿಡ್ ಬಳಸಬೇಡಿ. ಆಸಿಡ್ ಪೊರೆಯನ್ನಷ್ಟೇ ಅಲ್ಲ, ಸಂದಿನ ಗಾರೆಯನ್ನೂ ತಿನ್ನುತ್ತದೆ. ಅದು ಮೈಗೂ ಅಪಾಯ.

8. ಮರುದಿನದಿಂದ ಒದ್ದೆ ಗೋಣಿಚೀಲ ಇಳಿಬಿಟ್ಟು, ಏಳು ದಿನ ಬೆಳಿಗ್ಗೆ ಮತ್ತು ಸಂಜೆ ನೀರು ಸಿಂಪಡಿಸಿ. ಬಿರುಬಿಸಿಲಿನ ದಿನಗಳಲ್ಲಿ ಮಧ್ಯಾಹ್ನವೂ ಒಮ್ಮೆ ಬೇಕು. ತರಗತಿವಾರು ಸರದಿ ಹಾಕಿಕೊಳ್ಳಿ.

ಬಕೆಟ್, ಕರಣೆ ತೊಳೆದ ನೀರನ್ನು ಚರಂಡಿಗೆ ಸುರಿಯಬೇಡಿ. ಅಲ್ಲಿಯೂ ಸಿಮೆಂಟು ಗಟ್ಟಿಕಟ್ಟುತ್ತದೆ! ಗಿಡಗಳಿಂದ ದೂರದಲ್ಲಿ ಒಂದು ಗುಂಡಿ ತೋಡಿ ಅದಕ್ಕೆ ಸುರಿಯಿರಿ.

ಕಾಯಿಲೆಯ ಕಾರಣ ಹುಡುಕಿ

ಊರಿನಲ್ಲಿ ಈಗಾಗಲೇ ಟೈಲ್ಸ್ ಹಾಕಿರುವ ನೆಲ, ಗೋಡೆಗಳನ್ನು ನೋಡಿ ಬನ್ನಿ. ಗ್ರೌಟ್ ಕೆಟ್ಟಿದ್ದರೆ ಏಕೆ ಕೆಟ್ಟಿತು ಎಂದು ಊಹಿಸಲು ಈಗ ನಿಮಗೆ ಸಾಧ್ಯ.

ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆಯೇ? ಕಲಸುವಾಗ ನೀರು ಹೆಚ್ಚಾಗಿರಬಹುದು, ಇಲ್ಲವೇ ಗಟ್ಟಿಕಟ್ಟುವ ಮೊದಲೇ ಬಿಸಿಲಿಗೆ ನೀರು ಆರಿಹೋಗಿರಬಹುದು.

ಅಗಲ ಸಂದಿನಲ್ಲಿ ಕೂದಲೆಳೆಯಂಥ ಬಿರುಕುಗಳಿವೆಯೇ? ಮರಳು ಬೆರೆಸದೆ ಬರೀ ಸಿಮೆಂಟು ತುಂಬಿರಬಹುದು.

ಚೂರಿನ ಅಂಚಿನಲ್ಲಿ ಗಾರೆ ಬಿಟ್ಟುಕೊಂಡಿದೆಯೇ? ಚೂರು ಒಣಗಿದ್ದು ಗಾರೆಯ ನೀರನ್ನು ಹೀರಿರಬಹುದು. ಚೂರೇ ಅಲುಗಾಡುತ್ತಿದ್ದರೆ ಹಿಂದಿನ ಅಂಟು ಬಿಟ್ಟಿದೆ.

ಸಂದಿನ ಮೇಲೆ ಬಿಳಿ ಉಪ್ಪಿನಂಥ ಪುಡಿ ಬಂದಿದೆಯೇ? ಸಿಮೆಂಟು ನೀರಿನೊಡನೆ ಸೇರುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಸುಣ್ಣವೂ ಹುಟ್ಟುತ್ತದೆ. ಗಾರೆಯೊಳಗೆ ಓಡಾಡುವ ನೀರು ಅದನ್ನು ಕರಗಿಸಿ ಮೇಲಕ್ಕೆ ತರುತ್ತದೆ. ಮೇಲೆ ಬಂದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಬಿಳಿಯ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಇದು ಬಹಳವಾಗಿದ್ದರೆ ಗಾರೆಯಲ್ಲಿ ರಂಧ್ರಗಳು ಹೆಚ್ಚಿವೆ, ಇಲ್ಲವೇ ಹಿಂದಿನಿಂದ ನೀರು ಬರುತ್ತಿದೆ ಎಂದು ತಿಳಿಯಬೇಕು.

ನೋಡಿದಿರಾ? ಬಹುತೇಕ ಎಲ್ಲ ಕಾಯಿಲೆಗಳ ಮೂಲವೂ ನೀರೇ. ಬೇಡವಾದಾಗ ಹೆಚ್ಚಾದ ನೀರು, ಇಲ್ಲವೇ ಬೇಕಾದಾಗ ಸಿಗದ ನೀರು. ನಿಮ್ಮ ಊರಿನ ಗಾರೆ ಮೇಸ್ತ್ರಿಯನ್ನು ಒಂದು ದಿನ ಶಾಲೆಗೆ ಕರೆಯಿರಿ. ಅವರು ಅಳತೆ ಡಬ್ಬಿಯಿಲ್ಲದೆ ಕಣ್ಣಳತೆಯಲ್ಲೇ ಹದ ಹಿಡಿಯುತ್ತಾರೆ. ಆ ಹದವನ್ನು ನೀವು ಅಳೆದು, ಬರೆದಿಟ್ಟುಕೊಳ್ಳಿ. ಅವರ ಅನುಭವ ಮತ್ತು ನಿಮ್ಮ ಲೆಕ್ಕ ಎರಡೂ ಕೂಡಿದರೆ ನಲ್ಲಿಯ ಹಿಂದಿನ ನವಿಲು, ನಿಮ್ಮ ತಮ್ಮ ತಂಗಿಯರು ಈ ಶಾಲೆ ಮುಗಿಸಿ ಹೋಗುವಾಗಲೂ ಒಂದು ಚೂರೂ ಕಳಚದೆ ನಿಂತಿರುತ್ತದೆ.

ಯೋಚಿಸಿ, ಉತ್ತರಿಸಿ

1. ಕೆಸರು ಒಣಗುವುದಕ್ಕೂ ಸಿಮೆಂಟು ಗಟ್ಟಿಕಟ್ಟುವುದಕ್ಕೂ ಇರುವ ಎರಡು ವ್ಯತ್ಯಾಸ ಬರೆಯಿರಿ.

2. 5 ಮಿಲಿಮೀಟರ್ ಅಗಲದ ಸಂದಿಗೆ ಯಾವ ಗಾರೆ ಆರಿಸುವಿರಿ? ಕಾರಣ ಕೊಡಿ.

3. ಮಳೆಗಾಲದಲ್ಲಿ ತೆರೆದಿಟ್ಟ ಸಿಮೆಂಟು ಚೀಲ ಏಕೆ ಗಂಟು ಕಟ್ಟುತ್ತದೆ?

4. 120 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ಚಿತ್ರದಲ್ಲಿ ಸಂದು ನಾಲ್ಕನೇ ಒಂದು ಭಾಗವಿದೆ. ಆಳ 0.6 ಸೆಂಟಿಮೀಟರ್. ಎಷ್ಟು ಘನ ಸೆಂಟಿಮೀಟರ್ ಗಾರೆ ಬೇಕು?

ಶಿಕ್ಷಕರಿಗೆ

'ಮಾಡಿ ನೋಡಿ' ಎರಡೂ ಚಟುವಟಿಕೆಗಳಲ್ಲಿ ಸಿಮೆಂಟನ್ನು ನೀವೇ ಕೈಗವಸು ಹಾಕಿ ಕಲಸಿ. ಮಕ್ಕಳು ನೀರು ಅಳೆಯಲಿ, ನೋಡಲಿ, ದಾಖಲಿಸಲಿ. ಒಂದರಿಂದ ನಾಲ್ಕನೇ ತರಗತಿಯ ಮಕ್ಕಳಿಗೆ ಹನಿ ನೀರಿನ ಪರೀಕ್ಷೆ ಮತ್ತು ಬಣ್ಣದ ಹಾಳೆಯ ಚಟುವಟಿಕೆ ಸಾಕು. ಅವರಿಗೆ ಅಂಚು ಉಜ್ಜಿ ನಯಗೊಳಿಸಿದ ಚೂರುಗಳನ್ನೇ ಕೊಡಿ. ಚಿತ್ರ ಮುಗಿದ ಮೇಲೆ ಗೋಡೆಯ ಎಲ್ಲ ಚೂರುಗಳ ಅಂಚನ್ನೂ ಒಮ್ಮೆ ಸವರಿ ಪರೀಕ್ಷಿಸಿ. ಹರಿತವಾದ ಅಂಚು ಒಂದೂ ಹೊರಗೆ ಉಳಿಯಬಾರದು.